ದೃಷ್ಟಿ ತೆಗೆಸಿಕೊಂಡ ಬಾಡಿಗೆ ಸೈಕಲ್ಲು

ನಾನು ಒಂದು ಸೈಕಲ್ಲು. ಸ್ವಂತದವರಿಲ್ಲದ ಬಾಡಿಗೆ ಸೈಕಲ್ಲು. ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ಕೊಳವೆಗಳನ್ನು ಬೆಸೆದು, ಹಸಿರು ಬಣ್ಣ ಬಳಿದು, ಒಣಗಲು ಕೊಕ್ಕೆಗೆ ತೂಗುಹಾಕಿದರು. ಹಿಂದೆ ಮುಂದೆ ನೋಡಿದರೆ ಸಾಲುಸಾಲಾಗಿ ನನ್ನಂಥವೇ ತೂಗುತ್ತಿದ್ದವು. ನಾನೇ ಚೆಂದ ಎಂದು ಅಂದುಕೊಳ್ಳಲು ಯಾವ ಆಧಾರವೂ ಇರಲಿಲ್ಲ, ಆದರೂ ಅಂದುಕೊಂಡೆ. ಜಂಬ ನನಗೆ ಬಣ್ಣದ ಜೊತೆಗೇ ಅಂಟಿಕೊಂಡು ಬಂದದ್ದು.

ಅಲ್ಲಿಂದ ಲಾರಿಯಲ್ಲಿ ಪಸ್ಸಾವ್ ಎಂಬ ಊರಿಗೆ ಬಂದೆ. ಡ್ಯಾನ್ಯೂಬ್ ನದಿಯ ದಡದ ಊರು. ಅಲ್ಲಿಂದ ಹೊಳೆಯ ಪಕ್ಕದಲ್ಲೇ ಆಸ್ಟ್ರಿಯಾದ ವಿಯೆನ್ನಾದವರೆಗೆ ಸೈಕಲ್ಲಿಗೆಂದೇ ಮಾಡಿದ ದಾರಿ ಇದೆ. ಒಂದು ಪ್ರವಾಸದ ಕಂಪನಿ ನನ್ನನ್ನು ಕೊಂಡು ಆ ದಾರಿಗೆ ಇಳಿಸಿತು. ವಾರಕ್ಕೊಬ್ಬರು ಸವಾರರು. ಹತ್ತಿದರು, ತುಳಿದರು, ವಿಯೆನ್ನಾದಲ್ಲಿ ಇಳಿದು ಹಿಂದಿರುಗಿ ನೋಡದೆ ಹೋದರು. ಮತ್ತೆ ವ್ಯಾನಿನ ಹಿಂದೆ ಕಟ್ಟಿ ನನ್ನನ್ನು ಪಸ್ಸಾವಿಗೆ ತರುತ್ತಿದ್ದರು. ಹೊಳೆ ಕೆಳಕ್ಕೆ ಮಾತ್ರ ಹರಿಯುತ್ತದೆ, ನಾನು ಮಾತ್ರ ಪ್ರತಿ ವಾರ ಮೇಲಕ್ಕೆ ಬರುತ್ತಿದ್ದೆ.

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಹೇಳುತ್ತಿದ್ದೀಯ ಎಂದು ನೀವು ಕೇಳಬಹುದು. ಜರ್ಮನ್ ನನಗೆ ಹುಟ್ಟಿನಿಂದ ಬಂತು, ಇಂಗ್ಲಿಷ್ ಬಾಡಿಗೆಯವರಿಂದ ಬಂತು. ಆದರೆ ಆ ಭಾಷೆಗಳಲ್ಲಿ ಜನ ನನ್ನ ವಿಷಯ ಮಾತಾಡಿದರೇ ಹೊರತು ನನ್ನ ಜೊತೆ ಮಾತಾಡಲಿಲ್ಲ. ಬ್ರೇಕು ಸಡಿಲ, ಸೀಟು ಗಟ್ಟಿ, ಅಷ್ಟೇ. ನನ್ನನ್ನು ನೋಡಿ ಮೊದಲ ಸಲ ಮಾತಾಡಿದವರು ಅರಸೀಕೆರೆಯ ಗುರುಮಲ್ಲಪ್ಪನವರು. ಅವರಾಡಿದ ಭಾಷೆಯನ್ನೇ ನನ್ನದು ಎಂದು ಇಟ್ಟುಕೊಂಡೆ.

ಗುರುಮಲ್ಲಪ್ಪನವರು ಖಾಸಗಿ ಬಸ್ಸುಗಳ ಮಾಲೀಕರು. ಅರವತ್ತು ದಾಟಿತ್ತು, ಎದೆ ಇನ್ನೂ ಮುಂದಕ್ಕೇ ಇತ್ತು. ಹೆಂಡತಿ ಸರ್ವಮಂಗಳಮ್ಮ, ತಮ್ಮನ ಮಗಳು ನಿವೇದಿತ, ಇನ್ನೈದು ಜನ ನೆಂಟರಿಷ್ಟರನ್ನು ಕಟ್ಟಿಕೊಂಡು ದಸರಾ ಸಮಯಕ್ಕೆ ಬಂದಿದ್ದರು. ನಿವೇದಿತ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಮ್ಮು. ಉಳಿದವರ ಮಾತೆಲ್ಲ ಅವಳ ಬಾಯಿಂದಲೇ ಆಚೆ ಹೋಗಬೇಕಿತ್ತು. ಗುಂಪಿಗೆ ಗೈಡ್ ಆಗಿ ಬಂದವಳು ಗೆರ್ಲಿಂಡೆ. ಐವತ್ತರ ಹೆಂಗಸು, ಕೆನ್ನೆಯೆಲ್ಲ ಬಿಸಿಲಿಗೆ ಕೆಂಪಾದವಳು. ಗಂಡ ತೀರಿಕೊಂಡ ಮೇಲೆ ಈ ದಾರಿಯೇ ಅವಳ ಸಂಸಾರ. ದಾರಿಯ ಪ್ರತಿ ಸೇತುವೆಗೂ ಒಂದು ಕಥೆ ಹೇಳುತ್ತಿದ್ದಳು.

ಕಂಪನಿಯ ಅಂಗಡಿಯವನು ಬ್ಯಾಟರಿ ಮೋಟಾರಿನ ಸೈಕಲ್ಲನ್ನು ಮುಂದೆ ತಂದರೆ ಗುರುಮಲ್ಲಪ್ಪನವರು ಕೈಯಾಡಿಸಿಬಿಟ್ಟರು.

"ಮೋಟ್ರು ಇದ್ಮೇಲೆ ಅದು ಸೈಕಲ್ ಹೆಂಗಾಯ್ತದೆ? ಅಲ್ಲಿ ನಿಂತದಲ್ಲ ಹಸ್ರುದು, ಅದು ಬರ್ಲಿ."

ನನ್ನ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸೀಟಿನ ಮೇಲೆ ಎರಡು ಸಲ ತಟ್ಟಿ, "ನಡಿಯಪ್ಪ, ನಿನ್ನೇ ನಂಬಿದೀನಿ" ಎಂದು ಹತ್ತಿದರು. ನಂಬಿದೀನಿ ಎಂದರೆ ಏನೆಂದು ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವರಿಗಾಗಿ ಎಂಥ ಏರನ್ನೂ ಹತ್ತುತ್ತಿದ್ದೆ.

ದಿನಗಳು ಚೆನ್ನಾಗಿಯೇ ಉರುಳಿದವು. ಸರ್ವಮಂಗಳಮ್ಮ ಚೂಡಿದಾರಿನ ದುಪಟ್ಟ ಸೊಂಟಕ್ಕೆ ಬಿಗಿದು ನಿಧಾನಕ್ಕೆ ಹಿಂದೆ ಬರುತ್ತಿದ್ದರು. ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಚಪಾತಿ, ಚಟ್ನಿಪುಡಿ ಬಿಚ್ಚಿದರೆ ಗೆರ್ಲಿಂಡೆಗೂ ಒಂದು ಪಾಲು. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದರೆ ಸರ್ವಮಂಗಳಮ್ಮ ಬೆನ್ನು ನೀವುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆಯೂ ಅವರಿಬ್ಬರು ಗೆಳತಿಯರಾದರು.

ದ್ರಾಕ್ಷಿ ತೋಟಗಳ ಸೀಮೆಗೆ ಬಂದಾಗ ಆಯುಧಪೂಜೆ. ಬಸ್ಸಿನ ಮಾಲೀಕರು ಆ ದಿನ ಪೂಜೆ ಮಾಡದೆ ಗಾಡಿ ಹತ್ತುವುದುಂಟೆ? ನಾವು ತಂಗಿದ್ದ ಹಳ್ಳಿಯ ಹೋಟೆಲಿನ ಮುಂದೆಯೇ ಸೈಕಲ್ ದಾರಿ ಹಾದುಹೋಗುತ್ತಿತ್ತು. ಬೆಳಿಗ್ಗೆ ಎಂಟೂ ಸೈಕಲ್ಲುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿದರು. ಮುಂದೆ ನಾನು. ಸರ್ವಮಂಗಳಮ್ಮ ಹ್ಯಾಂಡಲಿಗೆ ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಊದುಬತ್ತಿ ಬೆಳಗಿ ನನಗೆ ಕೈಮುಗಿದರು. ನನಗೆ! ಅಷ್ಟು ವರ್ಷ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ಹೆಚ್ಚು. ನಾನು ಉಬ್ಬಿದ ಉಬ್ಬಿಗೆ ಆ ದಿನ ಟೈರಿಗೆ ಗಾಳಿ ಹೊಡೆಯುವ ಅಗತ್ಯವೇ ಇರಲಿಲ್ಲ.

ಬೂದುಗುಂಬಳ ಆ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಗುರುಮಲ್ಲಪ್ಪನವರು ಪಕ್ಕದ ತೋಟದಿಂದ ಒಂದು ದಪ್ಪ ಸಿಹಿಗುಂಬಳ ತಂದಿದ್ದರು.

"ರೀ, ಇದನ್ನ ಒಡೀತಾರಾ? ಇದು ಹುಳಿಗ್ ಹಾಕೋ ಕಾಯಿ ಕಣ್ರೀ" ಎಂದರು ಸರ್ವಮಂಗಳಮ್ಮ.

"ದೃಷ್ಟಿಗೆ ಯಾವ್ ಕಾಯಾದ್ರೇನು? ಸುಮ್ನಿರು" ಎಂದು, ಕಾಯಿಯ ಮೇಲೆ ಕರ್ಪೂರ ಹಚ್ಚಿ, ನನ್ನ ಸುತ್ತ ಮೂರು ಸಲ ನಿವಾಳಿಸಿ, ದಾರಿಯ ನಡುಮಧ್ಯಕ್ಕೆ ಎತ್ತಿ ಕುಕ್ಕಿದರು. ಕಾಯಿ ಚೂರುಚೂರಾಗಿ ತಿರುಳು, ಬೀಜ ಎಲ್ಲ ದಾರಿಗೆ ಹರಡಿತು. ಗೆರ್ಲಿಂಡೆ ಚಪ್ಪಾಳೆ ತಟ್ಟಿ ಫೋಟೊ ತೆಗೆದಳು. ಆಮೇಲೆ ಫೋನು ಜೇಬಿಗೆ ಹಾಕಿ, ಚೂರುಗಳನ್ನು ಎತ್ತಲು ಬಗ್ಗಿದಳು.

"ಏಯ್, ಮುಟ್ಬಾರ್ದು, ಮುಟ್ಬಾರ್ದು! ದೃಷ್ಟಿ ತೆಗ್ದಿದ್ನ ಮುಟ್ಟಿದ್ರೆ ಅದು ಮುಟ್ಟಿದೋರಿಗೇ ಹತ್ಕೊಳ್ಳುತ್ತೆ. ಹೇಳಮ್ಮ ನಿವೇದಿತಾ."

ನಿವೇದಿತ ಹೇಳಿದಳು. ಇದು ನಮ್ಮ ಧರ್ಮದ ವಿಷಯ, ದಯವಿಟ್ಟು ಮುಟ್ಟಬೇಡಿ ಎಂದಳು. ಗೆರ್ಲಿಂಡೆ ದಾರಿಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ನೋಡಿದಳು. ಅವಳ ಮುಖದಲ್ಲಿ ಗೊಂದಲ ನನಗೆ ಚೆನ್ನಾಗಿ ಕಂಡಿತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ತಪ್ಪಾಯಿತು ಎನ್ನುವಂತೆ ಎದೆಯ ಮೇಲೆ ಇಟ್ಟುಕೊಂಡಳು. ಬೇರೆಯವರ ದೇವರ ವಿಷಯಕ್ಕೆ ತಾನು ಅಡ್ಡ ಬರಬಾರದು ಎಂಬ ಮರ್ಯಾದೆ ಅದು.

ಅರಸೀಕೆರೆಯಲ್ಲಾದರೆ ಆ ದಿನ ಬೀದಿಯ ತುಂಬ ಕುಂಬಳಕಾಯಿ ಎಂದು ಎಲ್ಲರಿಗೂ ಗೊತ್ತಿರುತ್ತದಂತೆ, ನೋಡಿಕೊಂಡು ಓಡಿಸುತ್ತಾರಂತೆ. ಇಲ್ಲಿ ಯಾರಿಗೆ ಗೊತ್ತು? ಎಲ್ಲರೂ ಚೀಲ ಕಟ್ಟುತ್ತಿರುವಾಗಲೇ ಇಳಿಜಾರಿನ ತಿರುವಿನಿಂದ ಅಲೋಯಿಸ್ ಎಂಬ ಮುದುಕ ತನ್ನ ಹಳೆಯ ಸೈಕಲ್ಲಿನಲ್ಲಿ ಬಂದ. ಮೇಲಿನ ತೋಟ ಅವನದು, ದ್ರಾಕ್ಷಿ ಕೊಯ್ಲಿನ ವಾರ. ಮುಂದಿನ ಚಕ್ರ ತಿರುಳಿನ ಮೇಲೆ ಏರಿದ್ದೇ ಜಾರಿತು. ಸೈಕಲ್ಲು ಒಂದು ಕಡೆ, ಅವನು ಒಂದು ಕಡೆ. ಬಲಗೈ ಮೈಯಡಿ ಸಿಕ್ಕಿ ಮುರಿದ ಸದ್ದು ನನಗೆ ಕೇಳಿಸಿತು.

ನನ್ನ ನಾಚಿಕೆ ಶುರುವಾದದ್ದು ಅಲ್ಲಿ. ನನ್ನ ದೃಷ್ಟಿ ತೆಗೆದರಲ್ಲ, ಅದು ಹೋಗಿ ಬಿದ್ದದ್ದು ಆ ಮುದುಕನ ಮೇಲೆ. ನನಗೆ ಬರಬೇಕಾದ ಕೆಡುಕನ್ನು ಅವನು ಪಡೆದ. ನಾನು ಕುಂಕುಮ ಇಟ್ಟುಕೊಂಡು ಮದುಮಗನ ಹಾಗೆ ನಿಂತಿದ್ದೆ.

ಆಂಬುಲೆನ್ಸ್ ಬಂತು, ಪೊಲೀಸರು ಬಂದರು, ಹತ್ತಿರದ ಊರಿನಿಂದ ಕಂಪನಿಯ ಮ್ಯಾನೇಜರೂ ಬಂದ. ದಾರಿಗೆ ಇದನ್ನು ಹಾಕಿದವರು ಯಾರು ಎಂದು ಪೊಲೀಸಿನವನು ಕೇಳಿದ. ಗೆರ್ಲಿಂಡೆ ಗುರುಮಲ್ಲಪ್ಪನವರ ಕಡೆ ನೋಡಿದಳು. ದೂರುವ ನೋಟವಲ್ಲ, ನೀವೇ ಹೇಳಿ ಎನ್ನುವ ನೋಟ. ಗುರುಮಲ್ಲಪ್ಪನವರು ಚೈನು ಕಳಚಿದೆ ಎನ್ನುವಂತೆ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ನನ್ನ ಚೈನು ಸರಿಯಾಗಿಯೇ ಇತ್ತು. ಅವರ ಬೆರಳು ಸುಮ್ಮನೆ ಅದರ ಮೇಲೆ ಓಡಾಡುತ್ತಿತ್ತು. ಪರದೇಶ, ಪೊಲೀಸು, ಪಾಸ್‌ಪೋರ್ಟು, ಯಜಮಾನ್ರೇ ಯಜಮಾನ್ರೇ ಎಂದು ಬೆನ್ನಹಿಂದೆ ಬಂದ ನೆಂಟರು. ಅವರ ಹೆದರಿಕೆ ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ಎದೆ ಮುಂದಿಟ್ಟುಕೊಂಡು ನಡೆಯುವ ಮನುಷ್ಯ ನನ್ನ ಮರೆಯಲ್ಲಿ ಅಡಗಿದ್ದನ್ನು ನೋಡಿ ನೆಲಕ್ಕೆ ಇಳಿದುಹೋದೆ.

"ಗುಂಪು ನನ್ನದು. ಕಂಡೂ ಎತ್ತದೆ ಬಿಟ್ಟವಳು ನಾನು" ಎಂದಳು ಗೆರ್ಲಿಂಡೆ ಜರ್ಮನ್‌ನಲ್ಲಿ.

ಆ ಸಂಜೆ ಕ್ರೆಮ್ಸ್ ಊರಿನ ಹೋಟೆಲಿನಲ್ಲಿ ಮ್ಯಾನೇಜರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದ. ಚೂರುಗಳನ್ನು ಅಸಡ್ಡೆಯಿಂದ ಬಿಟ್ಟಿದ್ದರೆ ಗೆರ್ಲಿಂಡೆ ಇನ್ನು ಗೈಡ್ ಆಗಿರುವಂತಿಲ್ಲ, ಬೇರೆ ಕಾರಣವೇನಾದರೂ ಇದ್ದರೆ ವಿಯೆನ್ನಾದಲ್ಲಿ ತಾನು ಸಿಗುವಷ್ಟರಲ್ಲಿ ಯಾರಾದರೂ ಹೇಳಿ ಎಂದ. ನಿವೇದಿತ ಅದನ್ನು ಕನ್ನಡದಲ್ಲಿ ಹೇಳುವಾಗ ದೊಡ್ಡಪ್ಪನ ಮುಖ ನೋಡಲಿಲ್ಲ. ಯಾರೂ ಉಸಿರೆತ್ತಲಿಲ್ಲ. ಗೆರ್ಲಿಂಡೆ ಎಲ್ಲರ ಕೈ ಕುಲುಕಿ, ಸರ್ವಮಂಗಳಮ್ಮನನ್ನು ತಬ್ಬಿಕೊಂಡು ಬಸ್ಸು ಹತ್ತಿದಳು. ಅವಳ ಜಾಗಕ್ಕೆ ಬೇರೊಬ್ಬ ಬಂದ.

ಎಲ್ಲರೂ ಒಳಗೆ ಹೋದ ಮೇಲೆ ಸರ್ವಮಂಗಳಮ್ಮ ಗಂಡನನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡರು.

"ಚೈನ್ ಏನಾಗಿತ್ರೀ?"

ಗುರುಮಲ್ಲಪ್ಪನವರು ನನ್ನ ಸೀಟಿನ ಮೇಲಿನ ಧೂಳು ಒರೆಸತೊಡಗಿದರು.

"ಆಯಮ್ಮ ಎತ್ತಕ್ ಬಗ್ಗಿದ್ಲು. ಬ್ಯಾಡ ಅಂದೋರು ನೀವು. ಇಷ್ಟು ಜನದ್ ಮುಂದೆ ನಿಮ್ ಮರ್ಯಾದೆ ಕಳೀಬಾರ್ದು ಅಂತ ನಾನೂ ಬಾಯಿ ಮುಚ್ಕೊಂಡ್ ನಿಂತೆ. ನಂಗೆ ಎಷ್ಟು ನಾಚ್ಕೆ ಆಗ್ತೈತೆ ಗೊತ್ತಾ? ನಾಳೆ ಹೋಗಿ ಹೇಳ್ರೀ."

"ಹೇಳ್ತೀನಿ ಕಣೇ" ಎಂದರು ಅವರು, ನೆಲ ನೋಡುತ್ತಾ.

ಮರುದಿನ ಉಳಿದವರು ಊರು ನೋಡಲು ಹೊರಟಾಗ ಗುರುಮಲ್ಲಪ್ಪನವರು ನನ್ನನ್ನು ಬಿಚ್ಚಿಕೊಂಡರು. "ದೊಡ್ಡಪ್ಪ, ನಾನೂ ಬರ್ಲಾ? ಅಲ್ಲಿ ಮಾತಾಡಕ್ಕೆ..." ಎಂದಳು ನಿವೇದಿತ. "ಬ್ಯಾಡಮ್ಮ, ನಾನೇ ನೋಡ್ಕೋತೀನಿ" ಎಂದರು. ಹೊಳೆಯ ಪಕ್ಕ ಹಿಂದಕ್ಕೆ ತುಳಿದರು. ಎದುರುಗಾಳಿ ಇತ್ತು, ಆದರೂ ನಾನು ಹಗುರಾಗಿ ಓಡಿದೆ. ನನ್ನ ಯಜಮಾನರು ಸರಿಯಾದ ಕೆಲಸಕ್ಕೇ ಹೊರಟಿದ್ದಾರೆ ಎಂದು ಖುಷಿಯಿತ್ತು.

ಅಲೋಯಿಸ್ ಮನೆಯ ಮುಂದಿನ ಬೆಂಚಿನಲ್ಲಿ ಕೂತಿದ್ದ. ಕೈಗೆ ಪ್ಲಾಸ್ಟರು. ಮೇಲೆ ಅವನ ದ್ರಾಕ್ಷಿಯನ್ನು ಅಕ್ಕಪಕ್ಕದವರು ಕೊಯ್ಯುತ್ತಿದ್ದರು, ಅವನು ಕತ್ತೆತ್ತಿ ನೋಡುತ್ತಿದ್ದ. ಗುರುಮಲ್ಲಪ್ಪನವರು ನನ್ನನ್ನು ಬೇಲಿಗೆ ಒರಗಿಸಿ ಕೈಮುಗಿದು ನಿಂತರು.

"ಯಜಮಾನ್ರೇ, ತಪ್ಪಾಯ್ತು. ಕಾಯಿ ಒಡ್ದೋನು ನಾನು. ಆಯಮ್ಮ ಎತ್ತಕ್ಕೆ ಬಂದ್ರೆ ಬಿಡದೇ ಇದ್ದೋನೂ ನಾನೇ. ಹೊಟ್ಟೆಪಾಡಿನ್ ಹೆಂಗ್ಸಿನ ಮೇಲೆ ಹಾಕಿ ಸುಮ್ನಾಗ್ಬಿಟ್ಟೆ. ಕ್ಷಮಿಸ್ಬೇಕು."

ಒಂದಕ್ಷರ ಬಿಡದೆ ಹೇಳಿದರು. ಕಣ್ಣಲ್ಲಿ ನೀರೂ ಬಂತು. ಆದರೆ ಹೇಳಿದ್ದು ಕನ್ನಡದಲ್ಲಿ. ಮುದುಕನಿಗೆ ಏನು ತಿಳಿಯಬೇಕು? ಯಾರೋ ದೂರದ ಪ್ರವಾಸಿ, ತನ್ನ ಕೈ ನೋಡಿ ಮರುಗುತ್ತಿದ್ದಾನೆ ಅಂದುಕೊಂಡ. ಎಡಗೈಯಲ್ಲೇ ಬುಟ್ಟಿಯಿಂದ ಒಂದು ದೊಡ್ಡ ಗೊಂಚಲು ತೆಗೆದು ಕೊಟ್ಟು, ಭುಜ ತಟ್ಟಿ ನಕ್ಕ. ಗುರುಮಲ್ಲಪ್ಪನವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಲ್ಲಿದ್ದವರಲ್ಲಿ ಆ ಮಾತು ಅರ್ಥವಾದದ್ದು ನನಗೊಬ್ಬನಿಗೇ. ನಿವೇದಿತಳನ್ನು ಯಾಕೆ ಬೇಡವೆಂದರು ಎಂಬುದೂ ಆಗ ತಿಳಿಯಿತು. ವಾಪಸು ಬರುವಾಗ ಅವರ ಮೈ ಹಗುರಾಗಿತ್ತು. "ಹೇಳ್ಬುಟ್ಟೆ ಕಣೋ" ಎಂದು ನನ್ನ ಹ್ಯಾಂಡಲು ತಟ್ಟಿದರು. ಆ ದಾರಿಯಲ್ಲಿ ಒಂದು ಮುಳ್ಳಾದರೂ ಸಿಗಲಿ, ಟೈರು ಒಡೆದು ಇವರು ನನ್ನನ್ನು ತಳ್ಳಿಕೊಂಡು ಹೋಗಲಿ ಎಂದು ಹಾರೈಸಿದೆ. ಚೊಕ್ಕ ದಾರಿ, ಒಂದೂ ಸಿಗಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಸರ್ವಮಂಗಳಮ್ಮ ಕಾಯುತ್ತಿದ್ದರು.

"ಹೇಳಿದ್ರಾ?"

"ಹೇಳ್ದೆ. ಎಲ್ಲಾ ಹೇಳ್ದೆ. ನೋಡು, ದ್ರಾಕ್ಷಿ ಕೊಟ್ಟ."

ಅವರು ಗೊಂಚಲನ್ನೂ ಗಂಡನ ಮುಖವನ್ನೂ ನೋಡಿದರು. "ಯಾವ್ ಭಾಷೇಲಿ ಹೇಳಿದ್ರಿ?"

ಗುರುಮಲ್ಲಪ್ಪನವರು ಗೊಂಚಲನ್ನು ಹೆಂಡತಿಯ ಕೈಗಿಟ್ಟು ಒಳಗೆ ನಡೆದುಬಿಟ್ಟರು. ಸರ್ವಮಂಗಳಮ್ಮ ಆ ದ್ರಾಕ್ಷಿಯಲ್ಲಿ ಒಂದನ್ನೂ ಬಾಯಿಗೆ ಹಾಕಲಿಲ್ಲ.

ವಿಯೆನ್ನಾದಲ್ಲಿ ಕಂಪನಿಯ ಅಂಗಳಕ್ಕೆ ನಮ್ಮನ್ನೆಲ್ಲ ಒಪ್ಪಿಸಿದರು. ಮ್ಯಾನೇಜರು ಬಂದಿದ್ದ. ಆ ಗೈಡಿನ ವಿಷಯ ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಗುರುಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. ನಾನು ಉಸಿರು ಹಿಡಿದೆ. "ಗುಡ್, ವೆರಿ ಗುಡ್. ಥ್ಯಾಂಕ್ಯೂ" ಎಂದರು, ಅಷ್ಟೇ.

ಆಗ ಸರ್ವಮಂಗಳಮ್ಮ ಮುಂದೆ ಬಂದರು. ಗಂಡನ ಎದುರು, ನೆಂಟರ ಎದುರು, ತಲೆಯೆತ್ತಿ ನಿಂತರು.

"ನಿವೇದಿತಾ, ನಾನ್ ಹೇಳಿದ್ದು ಹೇಳಿದ್ ಹಂಗೆ ಹೇಳ್ಬೇಕು ಇವ್ರಿಗೆ. ಕಾಯಿ ಒಡ್ದೋರು ನಮ್ ಯಜಮಾನ್ರು. ಆಯಮ್ಮ ಎತ್ತಕ್ ಹೋದ್ರೆ ಬ್ಯಾಡ ಅಂದೋರೂ ಇವ್ರೇ. ಅವಳ್ದು ಏನೇನೂ ತಪ್ಪಿಲ್ಲ, ಅವಳ ಕೆಲ್ಸ ಅವಳಿಗೆ ಕೊಡ್ಬೇಕು. ಹೇಳು."

ನಿವೇದಿತ ದೊಡ್ಡಪ್ಪನ ಕಡೆ ತಿರುಗಿದಳು. ಅವರ ಕಣ್ಣು ತುಂಬಿತ್ತು. ಬೇಡ ಎಂದು ತಲೆ ಅಲ್ಲಾಡಿಸಿದ್ದು ಎಷ್ಟು ಕಡಿಮೆಯೆಂದರೆ, ಕೆಳಗಿನಿಂದ ನೋಡುವ ನನಗೂ ಅವಳಿಗೂ ಮಾತ್ರ ಕಂಡಿರಬೇಕು. ಅವಳು ಮ್ಯಾನೇಜರಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಗೆರ್ಲಿಂಡೆ ತುಂಬ ಒಳ್ಳೆಯವಳು, ಅವಳನ್ನು ನಾವು ಮರೆಯುವುದಿಲ್ಲ ಅಂತ ನಮ್ಮ ದೊಡ್ಡಮ್ಮ ಹೇಳುತ್ತಿದ್ದಾರೆ."

ಮ್ಯಾನೇಜರು ನಕ್ಕು ಸರ್ವಮಂಗಳಮ್ಮನ ಕೈ ಕುಲುಕಿದ. ಅವರ ಮುಖ ಅರಳಿತು. "ಒಪ್ಕೊಂಡ್ರೇನಮ್ಮ?" ಎಂದರು. "ಹ್ಞೂ ದೊಡ್ಡಮ್ಮ" ಎಂದಳು ನಿವೇದಿತ. ಅವರು ಸೆರಗಿನಂತೆ ದುಪಟ್ಟ ಹೊದ್ದು, ನನ್ನ ಹ್ಯಾಂಡಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ಆ ಬೆರಳಿನ ಕೆಳಗೆ ನಾನು ಮೂರು ಭಾಷೆ ಬಲ್ಲ ಕಬ್ಬಿಣದ ತುಂಡಾಗಿ ನಿಂತಿದ್ದೆ.

ಆಮೇಲೆ ಬಹಳ ವರ್ಷ ಓಡಿದೆ. ಗೇರು ಸವೆದ ಮೇಲೆ ಕಂಪನಿ ನನ್ನನ್ನು ಹಳೆಯ ಸಾಮಾನಿನ ಜೊತೆ ಕೈಬಿಟ್ಟಿತು. ಈಗ ದ್ರಾಕ್ಷಿ ಸೀಮೆಯ ಒಂದು ದೋಣಿಕಟ್ಟೆಯಲ್ಲಿ, ಬುಟ್ಟಿಯಲ್ಲಿ ಹೂಕುಂಡ ಹೊತ್ತು ನಿಂತಿದ್ದೇನೆ. ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಟ್ಟೆಯ ಗೂಡಂಗಡಿಯಲ್ಲಿ ಟಿಕೆಟ್ ಹರಿಯುವವಳು ಗೆರ್ಲಿಂಡೆ. ಸೈಕಲ್ಲಿನ ಗುಂಪುಗಳು ಹಾದುಹೋಗುವಾಗ ಅವಳು ಎದ್ದು ನಿಂತು ಅವರು ತಿರುವು ದಾಟುವವರೆಗೂ ನೋಡುತ್ತಾಳೆ, ಮತ್ತೆ ಕೂರುತ್ತಾಳೆ. ನನ್ನ ಜೀವನದಲ್ಲಿ ಅತ್ಯಂತ ಸಂತೋಷದ ಗಳಿಗೆ ಯಾವುದು ಎಂದರೆ ಆ ಪೂಜೆಯೇ, ಇವತ್ತಿಗೂ. ಅದನ್ನು ನೆನೆದು ಉಬ್ಬಿದಾಗಲೆಲ್ಲ ಎದುರಿಗೆ ಇವಳು ಕಾಣುತ್ತಾಳೆ, ನನಗೆ ನಾಚಿಕೆಯಾಗುತ್ತದೆ.

ಅರಸೀಕೆರೆಯಲ್ಲಿ ಸರ್ವಮಂಗಳಮ್ಮ ಈ ಹೊತ್ತು ಯಾರಿಗೋ ಆಸ್ಟ್ರಿಯಾದ ಕಥೆ ಹೇಳುತ್ತಿರಬಹುದು. ಆಯಮ್ಮನ ಕೆಲಸ ಆಯಮ್ಮನಿಗೆ ಕೊಡಿಸಿಯೇ ಬಂದೆ ಎಂದು ಹೇಳುತ್ತಿರಬಹುದು.