ನಡುಕ ನೋಡುವ ಬೆರಳು

ಅವಳ ಬೆರಳು ಸರಿ ಎಂದು ಕಳಿಸಿದ ಯೋ-ಯೋ ವಾಪಸು ಬಂದದ್ದು ಅದೇ ಮೊದಲು.

ತಂದವನು ಜಡೆಯವ. ಗಂಡಸಾಗಿಯೂ ಸೊಂಟದ ತನಕ ಕೂದಲು ಬಿಟ್ಟಿದ್ದಕ್ಕೆ ಆಟಗಾರರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು. ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದವನೇ ಯೋ-ಯೋ ತೆಗೆದು ಮೇಜಿನ ಮೇಲಿಟ್ಟ.

"ಅಣ್ಣಾ, ಇದೇನಿದು? ಎಸೆದ್ರೆ ಚಳಿ ಜ್ವರ ಬಂದವರ ಥರ ನಡುಗುತ್ತೆ."

"ನಮ್ಮನೆಯಿಂದ ಹೋದದ್ದು ನಡುಗಲ್ಲ," ಎಂದ ಅವಳ ಗಂಡ. "ನೀನೇ ಎಲ್ಲೋ ನೆಲಕ್ಕೆ ಕುಟ್ಟಿರ್ತೀಯ."

"ನನ್ನ ಜಡೆ ಆಣೆ! ಕವರಿಂದ ತೆಗೆದದ್ದೇ ಇವತ್ತು ಬೆಳಿಗ್ಗೆ."

"ಲೋ, ಅದನ್ನ ನೋಡಿ ಕಳಿಸಿದೋಳು ಇವಳು. ನನ್ನ ಕಣ್ಣು ತಪ್ಪಬಹುದು, ಇವಳ ಬೆರಳು ತಪ್ಪಲ್ಲ."

ಕಾರ್ಖಾನೆಯಿಂದ ಬಂದ ಯೋ-ಯೋ ಆಟಗಾರರಿಗೆ ಆಗಿಬರುವುದಿಲ್ಲ. ಅದರ ಎರಡು ಹೋಳುಗಳ ನಡುವೆ ಅಂಗಿಯ ಗುಂಡಿಯಷ್ಟು ದೊಡ್ಡ ಬೇರಿಂಗ್ ಇರುತ್ತದೆ, ಬೇರಿಂಗಿನೊಳಗೆ ಗ್ರೀಸು ತುಂಬಿರುತ್ತದೆ. ಗ್ರೀಸಿದ್ದರೆ ದಾರ ಸ್ವಲ್ಪ ಜಗ್ಗಿದರೂ ಯೋ-ಯೋ ಮೇಲೆ ಹತ್ತಿ ಕೈಗೆ ಬಂದುಬಿಡುತ್ತದೆ. ಗ್ರೀಸು ತೊಳೆದು ತೆಳು ಎಣ್ಣೆ ಒಂದೇ ತೊಟ್ಟು ಬಿಟ್ಟರೆ ದಾರದ ತುದಿಯಲ್ಲೇ ನಿಂತು ಬೇಕಾದಷ್ಟು ಹೊತ್ತು ತಿರುಗುತ್ತದೆ. ದೊಡ್ಡ ಆಟಗಳಿಗೆ ಬೇಕಾದದ್ದು ಅದು. ಗಂಡನ ಕಸುಬು ಇದೇ: ಬಿಚ್ಚುವುದು, ತೊಳೆಯುವುದು, ಸವೆದದ್ದನ್ನು ಬದಲಿಸುವುದು, ಮತ್ತೆ ಜೋಡಿಸುವುದು. ಜೋಡಿಸಿದ ಮೇಲೆ ಎಸೆದು, ತಿರುಗುತ್ತಿರುವಾಗಲೇ ಅಂಚಿಗೆ ಹೆಬ್ಬೆರಳಿನ ಉಗುರು ತಾಗಿಸಬೇಕು. ಕೂದಲೆಳೆಯಷ್ಟು ನಡುಕವಿದ್ದರೂ ಉಗುರಿನ ಬುಡದಲ್ಲಿ ಕಚಗುಳಿ ಇಟ್ಟಂತಾಗುತ್ತದೆ. ಆಗ ಬಿಚ್ಚಿ ಮತ್ತೆ ಜೋಡಿಸಬೇಕು.

ಮದುವೆಯಾದ ಮರುವರ್ಷವೇ ಗಂಡನ ಬೆರಳುಗಳು ಮರಗಟ್ಟಿದ್ದವು. ದಾರ ಬಿಗಿದು ಬಿಗಿದು ನರ ಸತ್ತಿದೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅಂದಿನಿಂದ ಬೆರಳು ಅವಳದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು, ಸ್ವಲ್ಪ ದಿನಕ್ಕೆಂದು ಬಂದು ಅವನ ಕೆಲಸದ ಕೋಣೆಯ ಕುರ್ಚಿಯಲ್ಲಿ ಕೂತಳು. ಆಮೇಲೆ ಏಳಲಿಲ್ಲ.

ಆ ಕೋಣೆಯ ಕಿಟಕಿಗಳಿಗೆ ಸುತ್ತಲೂ ಟೇಪು ಅಂಟಿಸಿತ್ತು. ಧೂಳಿನ ಒಂದು ಕಣ ಒಳಗೆ ಸೇರಿದರೂ ಬೇರಿಂಗು ಕೆಟ್ಟಂತೆ. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ. ಗ್ರೀಸು ತೊಳೆಯುವ ಡಬ್ಬಿ ಅವಳ ಎಡಗೈ ಬದಿಗಿರುತ್ತಿತ್ತು. ಚಪ್ಪಲಿಗೆ ಅಟ್ಟೆ ಅಂಟಿಸುವ ಶೆಡ್ಡಿನವರು ಬಳಸುವ ಥಿನ್ನರ್ ಅದು. ಅದ್ದಿದ ಕ್ಷಣದಲ್ಲಿ ಬೇರಿಂಗು ಫಳಫಳ ಅನ್ನುತ್ತಿತ್ತು. "ಈ ವಾಸನೆ ಒಳ್ಳೇದಲ್ಲ ರೀ, ಕಿಟಕಿ ತೆಗೀರಿ" ಎಂದು ಅವಳು ಒಮ್ಮೆ ಹೇಳಿದ್ದಳು. "ಧೂಳು" ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ. ಒಮ್ಮೆ ಮಾತ್ರ ಹೇಳಿದ ಮಾತು ಹೇಳದ ಮಾತಿಗೆ ಸಮ.

ಈಗ ಅವಳು ಜಡೆಯವನ ಯೋ-ಯೋ ಎಸೆದು ಉಗುರು ತಾಗಿಸಿದಳು. ಏನೂ ಇಲ್ಲ. ಬೆಣ್ಣೆಯಿಂದ ಕೂದಲು ಎಳೆದಷ್ಟು ನಯ. ಆದರೆ ಕಣ್ಣಿಗೆ ಅಂಚು ಎರಡೆರಡಾಗಿ ಕಾಣುತ್ತಿತ್ತು, ದಾರ ಸಣ್ಣಗೆ ಅದುರುತ್ತಿತ್ತು. ಕಣ್ಣು ಕಂಡದ್ದನ್ನು ಬೆರಳು ಕಂಡಿರಲಿಲ್ಲ.

"ಹೌದು, ನಡುಕ ಇದೆ," ಎಂದಳು.

"ನೋಡಿದ್ಯಾ? ಹಿಡಿದುಬಿಟ್ಟಳು!" ಗಂಡ ಬೀಗಿದ. "ಬೇರಿಂಗ್ ಹೋಗಿದೆ. ಸಂಜೆ ಬಾರೋ, ಬೇರೆ ಹಾಕಿರ್ತೀನಿ." ಅವಳತ್ತ ತಿರುಗಿ, "ನೀನು ಹೋಗಿ ಬೇರಿಂಗ್ ತಗೊಂಡು ಬಾ. ತೆಳು ಎಣ್ಣೆಯೂ ತಳ ಕಂಡಿದೆ."

ಅವಳು ಚಪ್ಪಲಿ ಹಾಕಿಕೊಳ್ಳುವಾಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮಹಾರಾಣಿ ಸವಾರಿ ಎಲ್ಲಿಗೆ?"

"ಬೇರಿಂಗ್ ಅಂಗಡಿಗೆ ಅತ್ತೆ."

"ಹೋಗು ಹೋಗು. ಕೂತಲ್ಲೇ ಕೂತು ಮಾಡೋ ಕೆಲಸ, ಅದರಲ್ಲೂ ತಪ್ಪು. ನಾನಿಲ್ಲಿ ನಿಂತಲ್ಲೇ ಸವೆದು ಹೋಗ್ತಾ ಇದೀನಿ."

ಚಪ್ಪಲಿಯೊಳಗೆ ಕಾಲು ಸೇರಿತೋ ಇಲ್ಲವೋ ಎಂದು ಅವಳು ಬಗ್ಗಿ ನೋಡಿದಳು. ಈಚೆಗೆ ಬರಿಗಾಲಲ್ಲಿ ನಡೆದರೂ ದಪ್ಪ ಕಾಲುಚೀಲ ಹಾಕಿಕೊಂಡು ನಡೆದಂತಿರುತ್ತಿತ್ತು.

ಅಂಗಡಿಯವನು ಒಂದು ತಟ್ಟೆಗೆ ಸಣ್ಣ ಬೇರಿಂಗುಗಳನ್ನು ಸುರಿದ. "ಯಾವ ಮಶೀನಿಗಮ್ಮಾ?"

"ಯೋ-ಯೋಗೆ."

"ಆಟದ ಸಾಮಾನಿಗೆ ಇಂಥ ಬೇರಿಂಗಾ! ನನ್ನ ಸ್ಕೂಟರಿಗೇ ಹಾಕಿಲ್ಲ ನಾನು."

ಒಂದನ್ನು ಎತ್ತಲು ಹೋದಳು, ಜಾರಿತು. ಮತ್ತೆ ಎತ್ತಿದಳು. ಎತ್ತಿ, ಕಣ್ಣು ಮುಚ್ಚಿದಳು. ಬೆರಳುಗಳ ನಡುವೆ ಬೇರಿಂಗು ಇದೆಯೋ ಬಿದ್ದಿದೆಯೋ ತಿಳಿಯಲಿಲ್ಲ. ತೆರೆದು ನೋಡಿದಾಗ ತಟ್ಟೆಯಲ್ಲಿತ್ತು.

"ಜೋಮು ಹಿಡಿದಿದೆಯಾ?"

"ಹ್ಞೂಂ," ಎಂದಳು. ಸ್ವಲ್ಪ ತಡೆದು, "ಗ್ರೀಸು ತುಂಬದೇ ಇರೋದು ಇದೆಯಾ? ತೊಳೆಯೋ ಕೆಲಸವೇ ಇರಬಾರದು."

"ಒಣ ಮಾಲು ಇದೆ. ಆದ್ರೆ ಬೇಗ ತುಕ್ಕು ಹಿಡಿಯುತ್ತೆ ಅಂತ ಯಾರೂ ಕೇಳಲ್ಲ."

ಅವಳು ಅದರ ಒಂದಿಡೀ ಪೆಟ್ಟಿಗೆಯನ್ನೇ ಕೊಂಡಳು. ಎಣ್ಣೆಗೆ ವಾದ್ಯದಂಗಡಿಗೆ ಹೋದಳು. ತುತ್ತೂರಿಯ ಗುಂಡಿಗಳಿಗೆ ಬಿಡುವ ಎಣ್ಣೆ ನೀರಿನಷ್ಟು ತೆಳುವಾಗಿರುತ್ತದೆ, ಯೋ-ಯೋಗೆ ಅದಕ್ಕಿಂತ ಒಳ್ಳೆಯದಿಲ್ಲ.

"ತುತ್ತೂರಿ ಊದ್ತೀರಾ?" ಎಂದು ಅಂಗಡಿಯಾಕೆ ಕೇಳಿದಳು.

"ಇಲ್ಲ, ಅದಕ್ಕೆ ಮನೆಯಲ್ಲಿ ಅತ್ತೆ ಇದ್ದಾರೆ."

ಅಂಗಡಿಯಾಕೆ ಬಿದ್ದು ಬಿದ್ದು ನಕ್ಕಳು. ಅವಳಿಗೆ ನಗು ಬರಲಿಲ್ಲ.

ದಾರಿಯುದ್ದಕ್ಕೂ ಅವಳು ತನಗೆ ತಿಳಿದದ್ದನ್ನು ತಾನೇ ಹೇಳಿಕೊಂಡಳು. ಆ ಡಬ್ಬಿಯೊಳಗೆ ಏನಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆರು ಇಂಗಾಲಗಳ ಆ ಸಾಲನ್ನು ಬೋರ್ಡಿನ ಮೇಲೆ ಅವಳೇ ಎಷ್ಟೋ ಸಲ ಬರೆದಿದ್ದಳು. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವವರಿಗೆ ಮೊದಲು ಕಾಲ್ಬೆರಳಿನ ಸ್ಪರ್ಶ ಹೋಗುತ್ತದೆ, ಆಮೇಲೆ ಕೈಬೆರಳಿನದು. ಈಗಲೇ ನಿಲ್ಲಿಸಿದರೆ ನಿಧಾನಕ್ಕೆ ಮರಳಿ ಬಂದೀತು. ನಿಲ್ಲಿಸದಿದ್ದರೆ ಜೋಮು ಮೊಣಕಾಲಿಗೆ, ಮೊಣಕೈಗೆ ಏರುತ್ತದೆ. ಒಣ ಬೇರಿಂಗು ಒಪ್ಪಿಗೆಯಾದರೆ ಡಬ್ಬಿ ಬೇಕಿಲ್ಲ. ಪೆಟ್ಟಿಗೆಯನ್ನು ಅವಳು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು ನಡೆದಳು.

ಗಂಡ ಒಣ ಬೇರಿಂಗು ಹಾಕಿ ಎಸೆದ. ಮೊದಲು ಕಿರ್ ಎಂದಿತು. ಒಂದು ತೊಟ್ಟು ಎಣ್ಣೆ ಬಿಟ್ಟ ಮೇಲೆ ಸದ್ದಡಗಿತು.

"ಪರವಾಗಿಲ್ಲ," ಎಂದ.

"ಹಾಗಾದ್ರೆ ಇನ್ನು ತೊಳೆಯೋದು ಬೇಡ ರೀ. ಡಬ್ಬೀನ ಶೆಡ್ಡಿನವರಿಗೇ ಕೊಟ್ಟುಬಿಡೋಣ."

"ಹೊಸದಕ್ಕೆ ಇದು ಸರಿ. ಇವಕ್ಕೆ?" ಅವನು ಗೋಡೆಯ ಹಲಗೆಯ ಕಡೆ ಗದ್ದ ತೋರಿಸಿದ. ಊರೂರಿನ ಆಟಗಾರರು ಕಳಿಸಿದ ಪೊಟ್ಟಣಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು. "ಅವರವರ ಬೇರಿಂಗೇ ಅವರವರಿಗೆ ಬೇಕು. ಪಳಗಿದ ಬೇರಿಂಗು ಅದು. ಬದಲಾಯಿಸಿದ್ರೆ ಜಗಳಕ್ಕೆ ಬರ್ತಾರೆ."

"ತೊಳೆಯೋಕೆ ಬೇರೆ ಏನಾದ್ರೂ..."

"ಬೇರೆಯದರಲ್ಲಿ ಗ್ರೀಸು ಪೂರ್ತಿ ಬಿಡಲ್ಲ ಅಂತ ನಿನಗೇ ಗೊತ್ತಲ್ಲ."

ಗೊತ್ತಿತ್ತು. ಅವಳೇ ಒಂದೊಂದರಲ್ಲಿ ಅದ್ದಿ ನೋಡಿ ಹೇಳಿದ ಮಾತದು.

ಹೊತ್ತು ಇಳಿಯುವಾಗ ಜಡೆಯವ ಬಂದ. ಗಂಡ ಎದ್ದು ನಿಂತು ಯೋ-ಯೋ ಎಸೆದ. ಬೆರಳು ಸತ್ತಿದ್ದರೂ ಎಸೆತ ಸತ್ತಿರಲಿಲ್ಲ, ಮಣಿಕಟ್ಟಿನಿಂದ ನೆಟ್ಟಗೆ ಇಳಿದು ದಾರದ ತುದಿಯಲ್ಲಿ ನಿಂತು ತಿರುಗಿತು.

"ನೋಡು," ಎಂದ ಅವಳಿಗೆ.

ಅವಳು ಉಗುರು ತಾಗಿಸಿದಳು. ಕಿಟಕಿಯ ಬೆಳಕು ಮಂಕಾಗಿತ್ತು, ಕಣ್ಣೂ ನೆರವಿಗೆ ಬರಲಿಲ್ಲ.

"ಅಕ್ಕಾ, ಹೇಗಿದೆ?" ಜಡೆಯವ ಬಗ್ಗಿ ಕೇಳಿದ. "ನಾಡಿದ್ದು ಸ್ಪರ್ಧೆ. ನೀವು ಸರಿ ಅಂದ್ರೆ ಕಣ್ಣು ಮುಚ್ಕೊಂಡು ಆಡ್ತೀನಿ."

ಸರಿ ಇದೆ ಎಂದರೆ ಅವನು ಹೋಗುತ್ತಿದ್ದ. ಅವಳು ಮತ್ತೆ ಕುರ್ಚಿಯಲ್ಲಿ ಕೂರುತ್ತಿದ್ದಳು.

"ನನಗೆ ಗೊತ್ತಾಗ್ತಾ ಇಲ್ಲ."

"ಏನು ಗೊತ್ತಾಗ್ತಾ ಇಲ್ಲ?" ಎಂದ ಗಂಡ.

"ಬೆರಳಿಗೆ ಏನೂ ಗೊತ್ತಾಗ್ತಾ ಇಲ್ಲ. ಕಾಲಿಗೂ ಅಷ್ಟೆ. ನಿಮಗಾದದ್ದೇ ನನಗೂ ಆಗಿದೆ. ದಾರದಿಂದ ಅಲ್ಲ ರೀ, ಈ ಡಬ್ಬಿಯಿಂದ."

ಜಡೆಯವ ಒಮ್ಮೆ ಅವನ ಮುಖ, ಒಮ್ಮೆ ಇವಳ ಮುಖ ನೋಡಿದ. "ನಾನು ಆಮೇಲೆ ಬರ್ಲಾ ಅಣ್ಣಾ?"

ಯೋ-ಯೋ ಇನ್ನೂ ತಿರುಗುತ್ತಿತ್ತು. ಗಂಡ ಅವಳ ಕೈ ನೋಡಲಿಲ್ಲ, ಅದನ್ನೇ ನೋಡುತ್ತಿದ್ದ.

"ಹಾಗಾದ್ರೆ ಇನ್ನು ನೋಡೋದು ಯಾರು?"

ಉತ್ತರಕ್ಕೆ ಅವನು ಕಾಯಲಿಲ್ಲ. ಒಳಗೆ ತಿರುಗಿ ಕೂಗಿದ, "ಅಮ್ಮಾ, ಬಾ ಇಲ್ಲಿ. ಸ್ವಲ್ಪ ಬೆರಳು ಕೊಡು."

ಅತ್ತೆ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅದುವರೆಗೆ ಆ ಕೋಣೆಗೆ ಅವರನ್ನು ಯಾರೂ ಕರೆದದ್ದಿರಲಿಲ್ಲ. "ನಾನಾ? ಅಯ್ಯೋ, ನನಗೇನು ಬರುತ್ತಪ್ಪಾ" ಎನ್ನುತ್ತಲೇ ಹೆಬ್ಬೆರಳು ಚಾಚಿದರು. ಅವನು ಮತ್ತೊಮ್ಮೆ ಎಸೆದ. ಉಗುರು ತಾಗಿದ್ದೇ ಅತ್ತೆ ಕೈ ಹಿಂದಕ್ಕೆಳೆದುಕೊಂಡು ಎಳೆ ಹುಡುಗಿಯ ಹಾಗೆ ಕಿಲಕಿಲ ನಕ್ಕರು.

"ಇದೇನೋ ಇದು, ಕಚಗುಳಿ ಇಡುತ್ತೆ!"

"ಅಮ್ಮನಿಗೆ ಬರುತ್ತೆ! ನೋಡೋ, ಇನ್ನೂ ಉಳಿದಿರೋ ನಡುಕಾನ ಹಿಡಿದುಬಿಟ್ಟಳು!" ಗಂಡನ ಮುಖ ಅರಳಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅತ್ತೆ ಸೊಸೆಯತ್ತ ಹುಬ್ಬು ಹಾರಿಸಿದರು. "ಡಬ್ಬಿಯಂತೆ, ವಾಸನೆಯಂತೆ. ಕುರ್ಚಿ ಹಾಕೋ ಮಗನೇ, ನಿಂತ್ರೆ ಸೊಂಟ ನೋಯುತ್ತೆ."

ಅವನು ಕುರ್ಚಿ ಎಳೆದು ಹಾಕಿದ. ಅತ್ತೆ ಕೂತರು. ಅವನು ಹಳೇ ಬೇರಿಂಗುಗಳ ತಟ್ಟೆಯನ್ನು ಅವರ ಮುಂದಿಟ್ಟು ಡಬ್ಬಿಯ ಮುಚ್ಚಳ ತೆಗೆದ. "ಹಾಗೇ ಇವನ್ನೂ ಒಂದೊಂದಾಗಿ ಅದ್ದಿ ತೆಗಿಯಮ್ಮಾ."

ಅತ್ತೆ ಬಳೆ ಮೇಲೇರಿಸಿಕೊಂಡು ಡಬ್ಬಿಯ ಕಡೆಗೆ ಕೈ ನೀಡಿದರು.

ಅವಳು ಆ ಕೈಯ ಮಣಿಕಟ್ಟು ಹಿಡಿದಳು.

"ಏನೇ ಇದು?"

"ಏಳಿ ಅತ್ತೆ. ಕೆಳಗೆ ಹೋಗೋಣ, ಡಾಕ್ಟರ ಹತ್ತಿರ."

"ನನಗೇನಾಗಿದೆ?"

"ನಿಮಗಿನ್ನೂ ಏನೂ ಆಗಿಲ್ಲ. ತೋರಿಸೋದು ನನ್ನ ಕೈನ."

"ಅವಳಿಗೆ ತಲೆ ಕೆಟ್ಟಿದೆ, ನೀನು ಕೂತ್ಕೋ," ಎಂದ ಗಂಡ. ಆದರೆ ಅವಳು ಎಳೆದ ರಭಸಕ್ಕೆ ಅತ್ತೆ ಆಗಲೇ ಎದ್ದು ನಿಂತಿದ್ದರು. ಜಡೆಯವ ಬಾಗಿಲಿನಿಂದ ಪಕ್ಕಕ್ಕೆ ಸರಿದ.

"ಬಿಡೇ, ನೋಯುತ್ತೆ! ಎಷ್ಟು ಬಿಗಿ ಹಿಡಿದಿದೀಯೇ ಮಾರಾಯ್ತಿ!"

ಅವಳು ಕೆಳಗೆ ನೋಡಿದಳು. ತನ್ನ ಬೆರಳುಗಳ ಗೆಣ್ಣು ಬಿಳಿಚಿತ್ತು, ಅತ್ತೆಯ ಮಣಿಕಟ್ಟಿನ ಚರ್ಮ ಎರಡೂ ಕಡೆ ಉಬ್ಬಿತ್ತು. ಎಷ್ಟು ಬಿಗಿ ಹಿಡಿದಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಎಷ್ಟು ಸಡಿಲಿಸಿದರೆ ಕೈ ತಪ್ಪಿಹೋಗುತ್ತದೆ ಎಂಬುದೂ ಗೊತ್ತಿರಲಿಲ್ಲ. ಅದಕ್ಕೇ ಸಡಿಲಿಸಲಿಲ್ಲ. ಹಾಗೇ ಹಿಡಿದುಕೊಂಡು, ತನ್ನ ಪಾದ ಎಲ್ಲಿ ಬೀಳುತ್ತಿದೆ ಎಂದು ನೋಡಿಕೊಂಡೇ ಮೊದಲ ಮೆಟ್ಟಿಲು ಇಳಿದಳು.