ಬೋಡಿಲಳ ಬಾವುಟ

ಹಡಗಿನ ಹೊಟ್ಟೆಯೊಳಗೆ ಎಂಜಿನ್ನು ಗುಡುಗುಡು ಎನ್ನುತ್ತಿದೆ, ಕಾಗದದ ಲೋಟದ ಕಾಫಿಯಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿವೆ, ಎಲ್ಲೋ ಒಂದು ಕಡೆ ಟಕ್ಕೆಂದು ತಾಳ ತಪ್ಪುತ್ತದೆ, ಮತ್ತೆ ಗುಡುಗುಡು, ಮತ್ತೆ ಟಕ್ — ಬೋಡಿಲ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಹೇಳಿಬಿಡುತ್ತಿದ್ದಳು, ಬೆಲ್ಟು ಸಡಿಲಾಗಿದೆ ಅಂತಲೋ ಬೇರಿಂಗು ಹೋಗಿದೆ ಅಂತಲೋ, ಇಪ್ಪತ್ತಾರು ವರ್ಷ ಹಾಲು ಕರೆಯುವ ಯಂತ್ರಗಳ ದೂರು ಕೇಳಿದವಳು, ಫೋನು ಮಾಡಿದ ರೈತನಿಗೆ ಮೊದಲು ಹೇಳುತ್ತಿದ್ದ ಮಾತೇ ಅದು, ನೀನು ಸ್ವಲ್ಪ ಸುಮ್ನಿರಪ್ಪ, ಫೋನು ಯಂತ್ರದ ಹತ್ರ ಹಿಡಿ, ಅದು ಮಾತಾಡ್ಲಿ. ಆಮೇಲೆ ಕಣ್ಣು ಮುಚ್ಚಿ ಕೇಳುವುದು. ವಿಬೆಕೆ ಕಿಟಕಿಯತ್ತ ತಿರುಗಿದಳು, ಹೊರಗೆ ನವೆಂಬರಿನ ಸಮುದ್ರ, ನೀರಿಗೂ ಆಕಾಶಕ್ಕೂ ನಡುವೆ ಗೆರೆಯೇ ಇಲ್ಲ, ಎಲ್ಲ ಒಂದೇ ಬೂದು, ಈ ಬೂದು ತನಗೆ ಚೆನ್ನಾಗಿ ಗೊತ್ತು, ತಾನೇ ಆರಿಸಿದ್ದು — ಬೇಡ, ಈಗ ಅದು ಬೇಡ. ಏರೋ ದ್ವೀಪಕ್ಕೆ ಇನ್ನೂ ಮುಕ್ಕಾಲು ಗಂಟೆ. ಓಡೆನ್ಸೆಯ ಆಫೀಸು ಮುಚ್ಚಿ ಎಲ್ಲರೂ ಅವರವರ ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿ ಮೂರು ವರ್ಷ, ಬೋಡಿಲ್ ಖುಷಿಯಿಂದ ತನ್ನ ದ್ವೀಪಕ್ಕೆ ಮರಳಿದಳು, ಒಂದ್ಸಲ ಬಾ ವಿಬೆಕೆ, ಹೊಗೆ ಹಾಕಿದ ಮೀನು ತಿನ್ನಿಸ್ತೀನಿ ಅಂದಿದ್ದಳು, ಬರ್ತೀನಿ ಬರ್ತೀನಿ ಅಂದಿದ್ದಳು ಇವಳು, ಈಗ ಬರುತ್ತಿರುವುದು ಚೀಲದಲ್ಲಿ ಒಂದು ಅರ್ಜಿ ಇಟ್ಟುಕೊಂಡು. ಕಾಯಿಲೆಯ ರಜೆ ಹಾಕಿದವರ ಜೊತೆ ನಾಲ್ಕು ವಾರದೊಳಗೆ ತಂಡ ನಡೆಸುವವರು, ಅಂದರೆ ತಾನು, ಮಾತಾಡಬೇಕು, ಕಾನೂನು, ಫೋನಿನಲ್ಲೂ ಮುಗಿಸಬಹುದಿತ್ತು. ಬೋಡಿಲಳ ರಜೆಗೆ ಇವತ್ತಿಗೆ ಇಪ್ಪತ್ತಾರನೆಯ ದಿನ. ಅರ್ಜಿಯ ಕೊನೆಗೆ ಎರಡು ಚೌಕ, ಕಾಯಿಲೆಗೆ ಕೆಲಸದ ಕಡೆಯಿಂದ ಕಾರಣವುಂಟೇ, ಹೌದು, ಇಲ್ಲ. ಎರಡೂ ಖಾಲಿ. ಬರುತ್ತೇನೆಂದು ಬರೆದದ್ದಕ್ಕೆ ಬೋಡಿಲಳಿಂದ ಒಂದೇ ಸಾಲಿನ ಉತ್ತರ, ಸರಿ, ಹಿತ್ತಿಲ ಬಾಗಿಲು ಕೆಟ್ಟಿದೆ, ಮುಂದಿನದೇ ಬಡಿ.

ಕೇಳಿದ ಮೇಲೆ ಏಳರವರೆಗೆ ಎಣಿಸಿ, ಎಂದಿದ್ದಳು ಕೋಪನ್‌ಹೇಗನ್ನಿನ ತಂಡ ನಡೆಸುವವರ ತರಬೇತಿಯಲ್ಲಿ ಪಾಠ ಹೇಳಿದ ಬೆಳ್ಳಿ ಕೂದಲಿನ ಹೆಂಗಸು, ಎದುರಿಗೆ ಕೂತವರ ಮುಖ ಸುಳ್ಳು ಹೇಳಲಾರದು, ಪರದೆಯ ಮೇಲಿನ ಮುಖ ಹೇಳಬಲ್ಲದು, ಹಾಗಾಗಿ ಹೇಗಿದ್ದೀಯ ಅಂತ ಕೇಳಿ, ಕೇಳಿ ಸುಮ್ಮನಿರಿ, ಏಳು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೆ ನಾಲ್ಕರಲ್ಲೋ ಐದರಲ್ಲೋ ನಿಜ ಹೊರಗೆ ಬರುತ್ತದೆ. ವಿಬೆಕೆ ಅದನ್ನು ನೀಟಾಗಿ ಬರೆದುಕೊಂಡಿದ್ದಳು, ಅಡಿಗೆರೆ ಎಳೆದಿದ್ದಳು, ಆಮೇಲೆ ಪ್ರತಿ ಮಂಗಳವಾರ ಒಂಬತ್ತು ಗಂಟೆಗೆ ಪರದೆಯ ಮೇಲೆ ಆರು ಜನರ ಮುಖ ನೋಡಿ, ಎಲ್ಲ ಸರಿ ತಾನೆ, ಎಂದು ಕೇಳಿ ಎರಡರವರೆಗೂ ಎಣಿಸದೆ ಮುಂದಕ್ಕೆ ಹೋಗಿದ್ದಳು — ತಾನೆ ಎನ್ನುವುದರಲ್ಲೇ ಉತ್ತರ ಇತ್ತಲ್ಲ, ಯಾರು ತಾನೆ ಇಲ್ಲ ಅನ್ನುತ್ತಾರೆ. ಇನ್ನೊಬ್ಬರ ಮನೆಯೊಳಗೆ ಇಣುಕಬಾರದು ಎಂದು ಅಮ್ಮ ಕಲಿಸಿದ್ದು, ಅದನ್ನೇ ಮರ್ಯಾದೆ ಎಂದುಕೊಂಡಳು, ಕೇಳದೇ ಇರುವುದೇ ಒಳ್ಳೆಯತನ ಎಂದುಕೊಂಡಳು. ಆ ಹೆಂಗಸು ಇನ್ನೂ ಏನೇನೋ ಹೇಳಿದ್ದಳು, ಗಂಟೆ ಅಳೆಯಬೇಡಿ ಕೆಲಸ ಅಳೆಯಿರಿ, ವರ್ಷಕ್ಕೊಮ್ಮೆಯಾದರೂ ಅವರ ಊರಿಗೆ ಹೋಗಿ, ತಪ್ಪು ಮಾಡಿದರೆ ಎಲ್ಲರೆದುರಿಗೇ ಒಪ್ಪಿಕೊಳ್ಳಿ, ತಿದ್ದುವುದಿದ್ದರೆ ಒಬ್ಬರೇ ಇದ್ದಾಗ ತಿದ್ದಿ. ಹೌದು ಹೌದು ಎಂದು ತಲೆಯಾಡಿಸಿ ಬಂದವಳು ಮೊದಲು ಮಾಡಿದ್ದು ಕರೆಗೆ ಆರು ನಿಮಿಷ ಎಂಬ ಲೆಕ್ಕ. ಬೋಡಿಲಳದು ಹನ್ನೊಂದು. ಸ್ವಲ್ಪ ಬೇಗ ಮುಗಿಸೋಕೆ ಆಗತ್ತಾ ಬೋಡಿಲ್. ಯಂತ್ರ ಮಾತಾಡೋದನ್ನ ಅರ್ಧಕ್ಕೆ ನಿಲ್ಸೋದು ಹೆಂಗೆ, ಅದಕ್ಕೆ ಗಡಿಯಾರ ನೋಡೋಕೆ ಬರಲ್ವಲ್ಲ. ಎಲ್ಲರೂ ನಕ್ಕಿದ್ದರು, ವಿಬೆಕೆಯೂ ನಕ್ಕಿದ್ದಳು, ನಕ್ಕು, ಆದ್ರೂ ನೋಡು, ಅಂದಿದ್ದಳು. ಎರಡನೆಯದು ಬೂದು ಪರದೆ. ಒಬ್ಬರ ಹಿಂದೆ ಒಣಹಾಕಿದ ಬಟ್ಟೆ, ಇನ್ನೊಬ್ಬರ ಹಿಂದೆ ನಾಯಿ, ಇದೇನು ಸಂತೆಯೇ, ಎಲ್ಲರ ಹಿಂದೆಯೂ ಒಂದೇ ಬೂದು ಬಣ್ಣ ಇರಲಿ ಎಂದಳು, ಕಂಪ್ಯೂಟರಿನ ಒಂದು ಗುಂಡಿ ಒತ್ತಿದರೆ ಮನೆಯೆಲ್ಲ ಮಾಯವಾಗಿ ಮುಖವೊಂದೇ ಉಳಿಯುತ್ತದೆ. ಆಲ್ಬೋರ್ ಊರಿನ ಯೆಪ್ಪೆ, ತಂಡದ ಬಾಯಿಬಡುಕ, ಈಗ ನಾವೆಲ್ಲ ಒಂದೇ ಜೈಲಿನೋರ ಥರ ಕಾಣ್ತೀವಿ, ಎದೆ ಮೇಲೆ ನಂಬರೊಂದು ಹಾಕ್ಬಿಡು ವಿಬೆಕೆ, ಅಂದಿದ್ದ. ಆ ಬೂದು ಚೌಕಗಳ ಚಿತ್ರ ತೆಗೆದು ಮೇಲಿನವರಿಗೆ ಕಳಿಸಿದ್ದಳು ವಿಬೆಕೆ, ಎಷ್ಟು ಅಚ್ಚುಕಟ್ಟು ಎಂದು ಹೊಗಳಿದ್ದರು, ಆ ಬೂದಿನ ಅಂಚಿನಲ್ಲಿ ಒಂದು ಚೂರು ಕೆಂಪು — ಬೇಡ.

ಆದರೆ ಬೇಡ ಎಂದರೆ ಕೇಳುತ್ತದೆಯೇ, ಅಂಗೈಯಗಲದ ಕೆಂಪು ಬಟ್ಟೆ, ನಡುವೆ ಬಿಳಿ ಶಿಲುಬೆ, ಹಿತ್ತಾಳೆಯ ಪುಟ್ಟ ಕಂಬ, ಆಫೀಸಿನಲ್ಲಿದ್ದಾಗ, ನಾಡಿನ ರೂಢಿಯಂತೆ, ಯಾರ ಹುಟ್ಟುಹಬ್ಬವೋ ಅವರ ಮೇಜಿನ ಮೇಲೆ ಬೆಳಗ್ಗೆಯೇ ಬಂದು ನಿಂತಿರುತ್ತಿದ್ದ ಬಾವುಟ, ಇಡುತ್ತಿದ್ದವಳು ಬೋಡಿಲ್, ಆಫೀಸು ಮುಚ್ಚಿದ ದಿನ ಕುರ್ಚಿ ಕಪಾಟು ಯಾವುದನ್ನೂ ಕೇಳದೆ ಅದೊಂದನ್ನು ಪತ್ರಿಕೆಯಲ್ಲಿ ಸುತ್ತಿ ಒಯ್ದಿದ್ದಳು. ಹೋದ ವಾರ ಯೆಪ್ಪೆಯ ಫೋನು, ನಿಂಗೆ ಗೊತ್ತೇ ಇರ್ಲಿಲ್ವಾ, ನಮ್ಮಲ್ಲಿ ಯಾರ ಹುಟ್ಟುಹಬ್ಬ ಇದ್ರೂ ಬೋಡಿಲ್ ಹಿಂದಿನ ಕಿಟಕೀಲಿ ಅದು ನಿಂತಿರ್ತಿತ್ತು, ನಿಂದಕ್ಕೂ ಇತ್ತು ಮಾರಾಯ್ತಿ, ನೀನು ಬೂದು ಬಳಿದ ಮೇಲೆ ಕಾಣ್ತಿರ್ಲಿಲ್ಲ ಅಷ್ಟೆ, ಅವಳು ಇಡೋದು ಬಿಟ್ಟಿರ್ಲಿಲ್ಲ. ಆಮೇಲೆ ದನಿ ತಗ್ಗಿಸಿ, ಅವಳ ಅರವತ್ತರ ದಿನ ನೀನು ನೋಡ್ಲಿಲ್ಲ ಅಲ್ವಾ, ನೀನೇ ಹಾಡು ಶುರು ಮಾಡ್ತೀಯ ಅಂತ ಕಾದ್ವಿ, ನಾನು ಉಸಿರು ಕೂಡ ಎಳ್ಕೊಂಡಿದ್ದೆ, ಆಮೇಲೆ ಯಾಕೋ ಬಾಯಿ ಬರ್ಲಿಲ್ಲ, ನಮ್ದೂ ತಪ್ಪೇ, ಆದ್ರೆ ನೀನು ನೋಡೇ ಇರ್ಲಿಲ್ಲ ಬಿಡು. ವಿಬೆಕೆ ಅಂದಳು, ಇಲ್ಲ ಯೆಪ್ಪೆ, ನೋಡ್ಲಿಲ್ಲ.

ನೋಡಿದ್ದಳು. ಸೆಪ್ಟೆಂಬರ್ ಹದಿನಾರು, ಒಂಬತ್ತು ಗಂಟೆ, ಐದು ಬೂದು ಚೌಕಗಳ ನಡುವೆ ಒಂದರಲ್ಲಿ ಬೆಳಕು, ಹಳದಿ ಗೋಡೆ, ಇಸ್ತ್ರಿ ಮಾಡಿದ ನೀಲಿ ಅಂಗಿ, ಸುರುಳಿ ಮಾಡಿಸಿಕೊಂಡ ಕೂದಲು, ಬೋಡಿಲ್ ಪರದೆ ಹಾಕದೆ ಬಂದಿದ್ದಾಳೆ, ಬಾವುಟ ಈ ಸಲ ಹಿಂದಿನ ಕಿಟಕಿಯಲ್ಲಿಲ್ಲ, ಮುಂದೆಯೇ ಇದೆ, ಭುಜದ ಪಕ್ಕ, ಅದರ ಕೆಳಗೆ ಕೆನೆ ಮೆತ್ತಿದ ಕೇಕಿನ ಒಂದು ಅಂಚು, ಬೋಡಿಲ್ ಕೈ ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ಕಾಯುತ್ತ ಕೂತಿದ್ದಾಳೆ. ವಿಬೆಕೆ ನೋಡಿದಳು, ಅರ್ಥವೂ ಆಯಿತು, ಓ ಇವತ್ತಲ್ಲವೇ ಎನ್ನುವುದೂ ಹೊಳೆಯಿತು, ಆದರೆ ಒಂಬತ್ತೂವರೆಗೆ ಮೇಲಿನವರು ಸೇರುವವರಿದ್ದರು, ನಿನ್ನೆ ಎತ್ತದೇ ಬಿಟ್ಟ ಕರೆಗಳು ನಲವತ್ತು, ಹಾಡು ಎಂದರೆ ಐದು ನಿಮಿಷ, ಕೊನೆಗೆ ಹೇಳಿದರಾಯಿತು, ಕೊನೆಗೆ ಎಲ್ಲರೂ ಸೇರಿ — ಬಾಯಿಂದ ಬಂದದ್ದು ಬೇರೆ. ಬೋಡಿಲ್, ನಿನ್ನ ಪರದೆ ಹಾಕಿಲ್ಲ ನೋಡು. ಓ, ಹೌದಾ, ತಪ್ಪಾಯ್ತು, ಒಂದ್ನಿಮಿಷ. ಬೂದು ಬಂತು. ಗೋಡೆ ಹೋಯಿತು, ಕೇಕು ಹೋಯಿತು, ಬಾವುಟ ಮಾತ್ರ ಒಮ್ಮೆಗೇ ಹೋಗಲಿಲ್ಲ, ಬೋಡಿಲ್ ಅಲುಗಿದಾಗಲೆಲ್ಲ ಅವಳ ಭುಜದ ಪಕ್ಕ ಒಂದು ಚೂರು ಕೆಂಪು ಮಿಣುಕಿ ಬೂದಿನೊಳಗೆ ಮುಳುಗುತ್ತಿತ್ತು, ಮತ್ತೆ ಮಿಣುಕುತ್ತಿತ್ತು, ಆಮೇಲೆ ಬೋಡಿಲ್ ಅಲುಗುವುದನ್ನೇ ನಿಲ್ಲಿಸಿದಳು. ಕೊನೆಗೆ ಹೇಳುವುದಾಗಲಿಲ್ಲ, ಸಭೆ ಉದ್ದವಾಯಿತು. ಅಂದಿನಿಂದ ಬೋಡಿಲಳ ಕರೆಗಳು ಸರಿಯಾಗಿ ಆರು ನಿಮಿಷ, ಒಂದು ಕ್ಷಣ ಹೆಚ್ಚಿಲ್ಲ, ಭಲೇ ಬೋಡಿಲ್ ಎಂದು ವಿಬೆಕೆ ಬರೆದು ಕಳಿಸಿದ್ದಳು, ಯಾರೋ ರೈತ ಮಾತ್ರ ಪತ್ರ ಬರೆದ, ಕೇಳಿಸ್ಕೊಳ್ತಿದ್ದ ಆ ಹೆಂಗಸು ಎಲ್ಲಿ ಹೋದ್ಲು, ಈಗಿರೋಳು ಬೇರೆ ಯಾರೋ ಇರ್ಬೇಕು. ಒಂದು ತಿಂಗಳಾದ ಮೇಲೆ, ರಜೆಗೆಂದು ಡಾಕ್ಟರ ಚೀಟಿ ಬಂತು.

ಲೋಟ ತೆಗೀಲಾ, ಎಂದಳು ಕಾಫಿ ಮಾರುವ ದಪ್ಪ ಹೆಂಗಸು, ಮೇಜು ಒರೆಸುತ್ತ, ಹೊಸಬಳು ಅಲ್ವಾ ನೀನು, ನಮ್ಮೂರೋರು ಯಾರೂ ಈ ಕಿಟಕೀಲಿ ಕೂರಲ್ಲ, ಕುತ್ತಿಗೆ ಹಿಡ್ಕೊಳ್ಳತ್ತೆ, ಯಾರ ಮನೆಗೆ. ಬೋಡಿಲ್ ಮನೆಗೆ. ಓ, ನಮ್ಮ ಬೀದಿಯೋಳೇ, ನೀನು ಆಫೀಸಿನೋಳಾ, ಹಾಗಾದ್ರೆ ನೀನೂ ಹಾಡಿರ್ತೀಯ, ಅವಳ ಅರವತ್ತಕ್ಕೆ ಬೆಳಗ್ಗೆ ಬನ್ನು ತಗೊಂಡು ನಾವು ಹನ್ನೆರಡು ಜನ ಬಾಗಿಲಿಗೆ ಹೋಗಿದ್ವಿ, ಕೂರಿಸ್ಲೇ ಇಲ್ಲ ನೋಡು ಮಹಾತಾಯಿ, ಎಂಟೂ ಮುಕ್ಕಾಲಿಗೆ ಎಲ್ರನ್ನೂ ಓಡಿಸಿದ್ಲು, ಹೋಗ್ರೇ ಹೋಗ್ರೇ, ಒಂಬತ್ತಕ್ಕೆ ನಮ್ಮೋರು ಹಾಡ್ತಾರೆ ಅಂತ. ಸಂಜೆ ಕೇಳಿದೆ, ಹೆಂಗೆ ಹಾಡಿದ್ರು ಅಂತ. ಭಾರಿ ಚೆನ್ನಾಗಿ ಹಾಡಿದ್ರು, ಆರೂ ಊರಿಂದ ಒಟ್ಟಿಗೆ ಅಂದ್ಲು. ವಿಬೆಕೆ ಚೀಲ ಹೆಗಲಿಗೇರಿಸಿದಳು, ಹಡಗು ದಕ್ಕೆಗೆ ಒರಗಿ ನಡುಗಿತು, ಎಂಜಿನ್ನು ನಿಂತಿತು, ಆ ಟಕ್ ಮಾತ್ರ ಕಿವಿಯಲ್ಲೇ ಉಳಿಯಿತು, ಕಲ್ಲು ಹಾಸಿದ ಬೀದಿ, ತಗ್ಗು ಮನೆಗಳು, ಭಾರಿ ಚೆನ್ನಾಗಿ ಹಾಡಿದ್ರು, ಯಾರ ಮಾನ ಉಳಿಸಲು ಹಾಗೆ ಹೇಳಿದಳು ಬೋಡಿಲ್, ತನ್ನದೋ, ನಮ್ಮದೋ, ಹಡಗಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹೋದವು, ನೀನಿಲ್ಲದೆ ತಂಡ ಸೊರಗಿದೆ, ಯಾವಾಗ ಬರ್ತೀಯ, ನಿಂಗೆ ಏನು ಬೇಕು, ಎಲ್ಲ ಹೋಗಿ ಒಂದೇ ಉಳಿಯಿತು, ನೋಡಿದ್ದೆ ಬೋಡಿಲ್, ಅವತ್ತು ನಾನು ನೋಡಿದ್ದೆ — ಅದನ್ನು ಹೇಳಿದರೆ ಅವಳು ಕೆಲಸಕ್ಕೆ ಬರುವುದೇ ಇಲ್ಲವೇನೋ, ಹೇಳದೆ ಕರೆದರೆ ಬರುವವಳು ಆರು ನಿಮಿಷದ ಬೋಡಿಲ್. ಹಳದಿ ಮನೆ. ಮುಂದಿನ ಬಾಗಿಲು, ನಡುವೆ ಉದ್ದಕ್ಕೆ ಒರಟು ಗಾಜು, ಆಚೆಗಿನದೆಲ್ಲ ಬೂದು. ಬಡಿದಳು. ಎಣಿಸು, ಈ ಸಲವಾದರೂ ಎಣಿಸು, ಒಂದು, ಎರಡು, ಒಳಗೆಲ್ಲೋ ಕುರ್ಚಿ ಸರಿದ ಸದ್ದು, ಮೂರು, ಗಾಜಿನ ಆಳದಲ್ಲಿ ಏನೋ ಮಿಣುಕಿತು, ಸ್ವೆಟರೋ ಶಾಲೋ, ನಾಲ್ಕು, ಒಂದು ಚೂರು ಕೆಂಪು, ಹತ್ತಿರವಾಗುತ್ತ, ಐದು, ಬಾಗಿಲಿನ ಆಚೆ ಬಂದು ನಿಂತಿತು, ಬೋಡಿಲಳೇ, ಅಲುಗಲಿಲ್ಲ, ಆರು, ಬೂದಿನೊಳಗೆ ಕೆಂಪು, ಬೂದಿನೊಳಗೆ ಕೆಂಪು —