ಅಪ್ಪನ ಬಿಲ್ಲೆ

ನನ್ನ ಅಣ್ಣ ಬೆಂಕಿ ಆರಿಸುವ ಕೆಲಸದವನು. ಹೋದ ತಿಂಗಳು ಕೈ ಸುಟ್ಟುಕೊಂಡು ಬಂದಾಗಿನಿಂದ ಅವನ ಒಂದನೇ ಕ್ಲಾಸಿನ ಮಗಳು ಅವನನ್ನು ಪಾಳಿಗೆ ಹೋಗಲು ಬಿಡುತ್ತಿರಲಿಲ್ಲ. ಕಾಲಿಗೆ ಜೋತುಬೀಳುವಳು, ಬೂಟು ಬಚ್ಚಿಡುವಳು. ಅವಳಿಗೆ ಜಿಗಣೆ ಎಂದೇ ಹೆಸರಾಯಿತು. ಇನ್ನೊಮ್ಮೆ ತಡವಾದರೆ ಬೇರೆ ಕೆಲಸ ನೋಡಿಕೋ ಎಂದು ಮೇಲಧಿಕಾರಿ ಗದರಿದ್ದ. "ನೀನಾದ್ರೂ ಬುದ್ಧಿ ಹೇಳೇ" ಎಂದು ಅಣ್ಣ ಅವಳನ್ನು ನನ್ನ ತಲೆಗೆ ಕಟ್ಟಿದ.

ಬುದ್ಧಿ ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಗ್ನಿಶಾಮಕ ದಳದ ಮ್ಯೂಸಿಯಂಗೆ ಕರೆದೊಯ್ದೆ. ಕೆಂಪು ಗಾಡಿ, ದೊಡ್ಡ ಗಂಟೆ ಕಂಡರೆ ಭಯ ಬಿಟ್ಟೀತು ಎಂದುಕೊಂಡಿದ್ದೆ. ಜಿಗಣೆ ಗಾಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊಳೆ ಹೊಡೆದ ಒಂದು ಹಲಗೆಯ ಮುಂದೆ ನಿಂತುಬಿಟ್ಟಳು. ಅದರ ತುಂಬ ಪ್ರದರ್ಶನಕ್ಕೆಂದು ತಗಲಿಸಿದ, ಹೆಸರು ಕೆತ್ತಿದ ಹಿತ್ತಾಳೆ ಬಿಲ್ಲೆಗಳು.

"ಬಹುಮಾನ ಗೆದ್ದೋರ ಹೆಸರು ಕಣೇ" ಎಂದು ಬುರುಡೆ ಬಿಟ್ಟೆ.

"ಅಲ್ಲಮ್ಮ" ಎಂದಳು ಅಲ್ಲಿನ ಮೇಲ್ವಿಚಾರಕಿ. "ಹಿಂದೆಲ್ಲ ಬೆಂಕಿಯೊಳಗೆ ಹೋಗೋವಾಗ ದಳದೋರು ತಮ್ಮ ಬಿಲ್ಲೆ ಇಲ್ಲಿ ತಗಲಿಸ್ತಿದ್ರು. ಹೊರಗೆ ಬಂದ್ಮೇಲೆ ತಾವೇ ತಕ್ಕೋತಿದ್ರು."

"ಒಂದು ಉಳಿದ್ರೆ?" ಎಂದಳು ಜಿಗಣೆ.

ಕರೆತಂದಿದ್ದೇ ತಪ್ಪಾಯಿತು ಎಂದು ನನ್ನನ್ನೇ ಬೈದುಕೊಂಡೆ.

"ಉಳಿದ್ರೆ ಹುಡುಕ್ಕೊಂಡು ಹೋಗ್ತಿದ್ರು. ಹಲಗೆ ಖಾಲಿಯಾಗೋ ತನಕ ಯಾರೂ ಮನೆಗೆ ಹೋಗ್ತಿರ್ಲಿಲ್ಲ."

ಜಿಗಣೆ ಮನೆಗೆ ಬಂದು ರಟ್ಟು ಕತ್ತರಿಸಿ, 'ಅಪ್ಪ' ಎಂದು ಬರೆದು ದಾರ ಪೋಣಿಸಿದಳು. ಮರುದಿನ ಬೆಳಿಗ್ಗೆ ಬೂಟು ತಾನೇ ತಂದಿಟ್ಟಳು.

"ಇದನ್ನ ಬೀಗದಕೈ ಮೊಳೆಗೆ ಹಾಕಿ ಹೋಗು. ಬಂದ್ಮೇಲೆ ನೀನೇ ತೆಗೀಬೇಕು."

ಅಣ್ಣ ಹಾಗೇ ಮಾಡಿ ಹೊರಟ. ಅಳುವಿಲ್ಲ, ಜೋತುಬೀಳುವುದಿಲ್ಲ. ಎಲ್ಲ ನನ್ನಿಂದಲೇ ಎಂದು ನಾನು ಬೀಗಿದೆ.

ಸಂಜೆ ಅವನು ಬರುವ ಹೊತ್ತು ಮೀರಿತು. ಫೋನ್ ಎತ್ತುತ್ತಿಲ್ಲ. ಅತ್ತಿಗೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ಜಿಗಣೆ ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ.

"ಎಲ್ಲಿಗೇ ಸವಾರಿ?"

"ಬಿಲ್ಲೆ ಇನ್ನೂ ಇಲ್ಲೇ ಇದೆಯಲ್ಲ ಅತ್ತೆ. ಹುಡುಕೋಕೆ ಹೋಗ್ಬೇಕು. ಬಾ ಬೇಗ."

ಅವಳು ಹೆದರಿರಲಿಲ್ಲ. ಹೆದರಿದ್ದವಳು ನಾನು. ಕೈ ಒರೆಸಿಕೊಂಡು ನಾನೂ ಚಪ್ಪಲಿ ಮೆಟ್ಟಿದೆ.

ರಸ್ತೆಯ ತಿರುವಿನಲ್ಲೇ ಅಣ್ಣ ಎದುರಾದ. ಮುಖವೆಲ್ಲ ಮಸಿ.

"ಗೋದಾಮಿಗೆ ಬೆಂಕಿ ಬಿದ್ದಿತ್ತು, ತಡವಾಯ್ತು. ಇಬ್ರೂ ಎಲ್ಲಿಗೆ ಹೊರಟ್ರಿ?"

"ನಿನ್ನ ಹುಡುಕೋಕೆ" ಎಂದಳು ಜಿಗಣೆ.

ಅಣ್ಣ ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಮೊಳೆಯಿಂದ ಬಿಲ್ಲೆ ತೆಗೆದ. ಆಮೇಲಷ್ಟೇ ಅವಳು ತನ್ನ ಚಪ್ಪಲಿ ಬಿಚ್ಚಿದಳು.